ಮ್ವಾಚಿರೊಗೆ ಹೇಳಿದ ಅರ್ಥ

ಶುವೈಖ್, ಕುವೈತ್
12 ಸೆಪ್ಟೆಂಬರ್ 2024

ಪಾವನಾ,

ನಿನ್ನ ಗಂಟಲಿನ ಆಪರೇಷನ್ ಸಲೀಸಾಗಿ ಮುಗಿಯಿತೆಂದು ನಿನ್ನ ಅಕ್ಕನ ಮಗಳು ಅನ್ವಿತಾ ಮೆಸೇಜ್ ಹಾಕಿದ್ದಳು. ಡಾಕ್ಟರು ಹೇಳುವ ತನಕ ಒಂದಕ್ಷರ ಮಾತಾಡಬಾರದಂತೆ. ಇಷ್ಟು ವರ್ಷ ಮಂಗಳೂರಿನ ರೇಡಿಯೋದಲ್ಲಿ ಊರಿಗೆಲ್ಲ ಶುಭೋದಯ ಹೇಳಿದವಳ ಬಾಯಿಗೆ ಬೀಗ! ನಗಬಾರದು, ಆದರೂ ನಕ್ಕೆ. ಫೋನಿನಲ್ಲಿ ನಾನೊಬ್ಬಳೇ ಮಾತಾಡಿದರೆ ಅದು ಮಾತಾಗುವುದಿಲ್ಲ, ಭಾಷಣವಾಗುತ್ತದೆ. ಅದಕ್ಕೆ ಕಾಲೇಜಿನ ರಜೆಯಲ್ಲಿ ಬರೆಯುತ್ತಿದ್ದ ಹಾಗೆ ಮತ್ತೆ ಕಾಗದ ಬರೆಯೋಣ. ಈಮೇಲಿನಲ್ಲಾದರೂ ಸರಿ, ಉದ್ದಕ್ಕೆ ಬರೆಯಬೇಕು.

ಇಲ್ಲಿನ ದೊಡ್ಡ ಸುದ್ದಿ, ನಮ್ಮ ಕರಾವಳಿ ಸಂಘದ ರಾಜ್ಯೋತ್ಸವ ನವೆಂಬರ್ ಹದಿನೈದರ ಶುಕ್ರವಾರ. ಈ ವರ್ಷ ನಾನು ಸಾಂಸ್ಕೃತಿಕ ಕಾರ್ಯದರ್ಶಿ. ಹೆಸರು ದೊಡ್ಡದು, ಕೆಲಸ ಕುರ್ಚಿ ಎಳೆಯುವುದು. ಫಹಾಹೀಲ್‌ನಲ್ಲಿ ಹೋಟೆಲ್ ಮ್ಯಾನೇಜರ್ ಆಗಿರುವ ಮೋನಪ್ಪಣ್ಣ ಪ್ರತಿವರ್ಷ ನಗೆನಾಟಕ ಬರೆದು ಆಡಿಸುತ್ತಾರೆ. ಈ ಸಲದ ನಾಟಕದ ಹೆಸರು ‘ಅಳಿಯ ಬಂದ, ಲೈಟ್ ಹಾಕಿ’. ಮನೆಯವರು ಫಾರಿನ್ ಅಳಿಯ ಎಂದು ಬಿಳಿ ದೊರೆಯ ದಾರಿ ಕಾಯುತ್ತಿರುತ್ತಾರೆ, ಬರುವವನು ಆಫ್ರಿಕಾದವನು. ಮುಖಕ್ಕೆ ಮಸಿ ಬಳಿದು ಆಡುವುದು ಈ ಕಾಲಕ್ಕೆ ಸರಿಯಲ್ಲ ಎಂದು ಕಮಿಟಿಯಲ್ಲಿ ಮಾತು ಬಂತು. ಹಾಗಾದರೆ ನಿಜವಾದ ಆಫ್ರಿಕಾದವನನ್ನೇ ತರೋಣ ಎಂದರು ಮೋನಪ್ಪಣ್ಣ. ಎಲ್ಲರೂ ಚಪ್ಪಾಳೆ ತಟ್ಟಿದರು.

ಹುಡುಕಿ ತಂದವಳು ನಾನೇ. ನಮ್ಮ ಆಫೀಸಿನ ಹಿಂದಿನ ಗೋಡೌನಿನಲ್ಲಿ ಸ್ಟೇಜ್, ಮೈಕ್, ಲೈಟ್ ಬಾಡಿಗೆಗೆ ಕೊಡುವ ಕಂಪೆನಿಯೊಂದಿದೆ. ಅಲ್ಲಿ ಜೊನಾಥನ್ ಮ್ವಾಚಿರೊ ಅಂತ ಒಬ್ಬ ಇದ್ದಾನೆ, ಕೀನ್ಯಾದವನು, ಮೊಂಬಾಸಾದ ಹತ್ತಿರದ ರಬಾಯಿ ಎಂಬ ಊರು. ಊರಿನಲ್ಲಿ ರೇಡಿಯೋದಲ್ಲಿದ್ದನಂತೆ, ಹಾಡುಗಾರನೂ ಹೌದಂತೆ. ಇಲ್ಲಿ ವಾರವಿಡೀ ಕೇಬಲ್ ಎಳೆಯುತ್ತಾನೆ, ಶುಕ್ರವಾರ ಬಂದರೆ ಮಲಯಾಳಿಗಳ ಫಂಕ್ಷನ್ನಿಗೂ ಫಿಲಿಪಿನೋಗಳ ಬರ್ತ್‌ಡೇಗೂ ನಿರೂಪಕ. ಕೇಳಿದ ಕೂಡಲೇ ಒಪ್ಪಿದ. ಅವನಿಗೆ ಕನ್ನಡ ಮಾತು ಕಲಿಸುವ ಕೆಲಸವೂ ನನ್ನ ತಲೆಗೇ ಬಿತ್ತು.

ನಿನ್ನ ಲಿಜ್ಜಿ


ಮಂಗಳೂರು
20 ಸೆಪ್ಟೆಂಬರ್ 2024

ಲಿಜ್ಜಿ ಮಾರಾಯ್ತಿ,

ನಾಟಕದ ಹೆಸರು ಓದಿಯೇ ನಗು ಬಂತು. ನಕ್ಕರೆ ಹೊಲಿಗೆ ಎಳೆಯುತ್ತದೆ, ಆದರೂ ಬಾಯಿಗೆ ಕೈ ಹಿಡಿದುಕೊಂಡು ನಕ್ಕೆ. ಮೋನಪ್ಪಣ್ಣನಿಗೆ ನನ್ನ ಹೆಸರಲ್ಲಿ ಶಾಪ ಹಾಕು.

ನಾಟಕಕ್ಕಿಂತ ಆ ಮನುಷ್ಯನ ಬಗ್ಗೆ ನನಗೆ ಕುತೂಹಲ. ‘ರೇಡಿಯೋದಲ್ಲಿದ್ದನಂತೆ’ ಎಂದು ಅರ್ಧ ಸಾಲಿನಲ್ಲಿ ಮುಗಿಸಿದ್ದೀಯಲ್ಲ, ನಿನಗೆ ನಾಚಿಕೆಯಾಗಬೇಕು. ಎಂತ ಓದುತ್ತಿದ್ದರು, ವಾರ್ತೆಯಾ, ಕೃಷಿಯಾ, ಕೋರಿಕೆಯ ಹಾಡಾ? ಯಾಕೆ ಬಿಟ್ಟರು? ಯಾವ ವಾದ್ಯ? ಎಲ್ಲ ಕೇಳಿ ಬರೆ. ಮತ್ತೆ, ನನ್ನ ವೃತ್ತಿಯವರನ್ನು ನಾನು ‘ಅವರು’ ಎಂದೇ ಬರೆಯುವುದು, ನೀನು ಬೇಕಾದ ಹಾಗೆ ಬರೆದುಕೋ.

ಬಾಯಿ ಮುಚ್ಚಿಕೊಂಡು ಕೂತರೆ ಮನೆಯವರ ಮಾತೆಲ್ಲ ಹೊಸದಾಗಿ ಕೇಳಿಸುತ್ತದೆ. ಗಂಟಲು ಮೊದಲಿನ ಹಾಗಾಗದಿದ್ದರೆ ಸ್ಟೇಷನ್ನಿನವರು ಕರೆಯುವುದನ್ನೇ ನಿಲ್ಲಿಸಿಬಿಡುತ್ತಾರೆ ಎಂಬ ಹೆದರಿಕೆ ಇದೆ. ಇದನ್ನು ನಿನಗೆ ಮಾತ್ರ ಹೇಳಿದ್ದು.

ಕಲಿಸುವ ಬಗ್ಗೆ ಒಂದು ಮಾತು. ಗಿಳಿಪಾಠ ಮಾಡಿಸಬೇಡ. ಅರ್ಥ ಗೊತ್ತಿಲ್ಲದ ಮಾತು ಎಷ್ಟು ಸ್ಪಷ್ಟವಾಗಿದ್ದರೂ ಕೇಳುವವರಿಗೆ ತಟ್ಟುವುದಿಲ್ಲ. ಮೊದಲು ಅರ್ಥ ಹೇಳು, ಆಮೇಲೆ ಉಚ್ಚಾರ ತಿದ್ದು.

ಬೀಗ ಜಡಿದ
ಪಾವನಾ


ಶುವೈಖ್
11 ಅಕ್ಟೋಬರ್ 2024

ಪಾವನಾ,

ನಿನ್ನ ಪ್ರಶ್ನೆಗಳನ್ನೆಲ್ಲ ಮ್ವಾಚಿರೊನ ಮುಂದಿಟ್ಟೆ. ‘ನಿಮ್ಮ ಗೆಳತಿ ನಿಜವಾಗಿಯೂ ರೇಡಿಯೋದವರು, ಬೇರೆಯವರಾದರೆ ಸಂಬಳ ಎಷ್ಟಿತ್ತು ಎಂದು ಕೇಳುತ್ತಿದ್ದರು’ ಎಂದು ನಕ್ಕ. ಈಗ ಅವನ ಪುರಾಣ ಕೇಳು.

ಶುರುವಾದದ್ದು ಇಗರ್ಜಿಯ ಹಾಡಿನ ಮೇಳದಲ್ಲಿ. ಆ ಇಗರ್ಜಿಯ ಮಾಡಿಗೆ ಹೊದಿಸಿದ್ದು ನಮ್ಮ ಮಂಗಳೂರು ಹೆಂಚಂತೆ! ಹಾಡಿಗೆ ಬೇಸರ ಬಂದಾಗ ತಲೆ ಎತ್ತಿ ಹೆಂಚಿನ ಮೇಲಿನ ಅಕ್ಷರ ಓದುತ್ತಿದ್ದನಂತೆ. ಆಮೇಲೆ ಹತ್ತಿರದ ಸಣ್ಣ ಎಫ್‌ಎಂ ಸ್ಟೇಷನ್ನಿನಲ್ಲಿ ಕೆಲಸ. ಮೊದಲು ಕೊಟ್ಟದ್ದು ಮಧ್ಯಾಹ್ನದ ಮರಣವಾರ್ತೆ. ಸತ್ತವರ ಹೆಸರು, ಮಣ್ಣು ಮಾಡುವ ಜಾಗ, ಹೊತ್ತು. ಹೆಸರು ತಪ್ಪಾಗಬಾರದೆಂದು ಓದುವ ಮೊದಲು ಪ್ರತಿ ಮನೆಗೂ ಫೋನ್ ಮಾಡಿ ಹೇಗೆ ಹೇಳಬೇಕೆಂದು ಕೇಳುತ್ತಿದ್ದನಂತೆ. ಅದರಿಂದಲೇ ಜನ ಅವನನ್ನು ಗುರುತಿಟ್ಟರು. ಆಮೇಲೆ ರೇಡಿಯೋ ನಾಟಕ. ನಟರಿಗೆ ಕೊಡಲು ಸ್ಟೇಷನ್ನಿನಲ್ಲಿ ದುಡ್ಡಿಲ್ಲ, ಅಜ್ಜ, ಸೊಸೆ, ಪೊಲೀಸ್, ಆಡು ಎಲ್ಲ ಇವನೇ. ಆಡಿನ ಪಾತ್ರಕ್ಕೇ ಹೆಚ್ಚು ಪತ್ರ ಬರುತ್ತಿತ್ತಂತೆ. ಆಮೇಲೆ ಫುಟ್‌ಬಾಲ್ ಕಾಮೆಂಟರಿ. ಮೈದಾನಕ್ಕೆ ಹೋಗಿ ಹೇಳಿದ್ದಲ್ಲ, ಬಾರಿನ ಟಿವಿ ನೋಡಿಕೊಂಡು ಹೇಳಿದ್ದು.

ರಾತ್ರಿ ಬೀಚಿನ ಹೋಟೆಲುಗಳಲ್ಲಿ ಗಿಟಾರ್, ಬ್ಯಾಂಡ್. ಅವನ ಒಂದು ಹಾಡು ಅಲ್ಲಿನ ಬಸ್ಸುಗಳಲ್ಲೆಲ್ಲ ಕೇಳುತ್ತಿತ್ತಂತೆ. ಹಾಡು ಎಲ್ಲರಿಗೂ ಗೊತ್ತು, ಹಾಡಿದವನು ಪಕ್ಕದ ಸೀಟಿನಲ್ಲಿ ಕೂತರೂ ಯಾರಿಗೂ ಗೊತ್ತಿಲ್ಲ. ಟಿವಿಯಲ್ಲಿ ಹವಾಮಾನವನ್ನೂ ಓದಿದ. ಅಷ್ಟರಲ್ಲಿ ಎಫ್‌ಎಂ ಸ್ಟೇಷನ್ ಬೇರೆಯವರ ಕೈಗೆ ಹೋಯಿತು. ಹೊಸ ಧಣಿಗಳು ಕಂಪ್ಯೂಟರಿಗೆ ಹಾಡು ತುಂಬಿಸಿ ಮಾತಾಡುವವರನ್ನೆಲ್ಲ ಮನೆಗೆ ಕಳಿಸಿದರು. ಹಾಗೆ ಇಲ್ಲಿಗೆ ಬಂದ. ‘ಮೈಕ್ ಬಿಟ್ಟು ಇರಲಾರೆ, ಹೊತ್ತುಕೊಂಡಾದರೂ ಸರಿ’ ಎನ್ನುತ್ತಾನೆ.

ರಿಹರ್ಸಲ್ ಮೋನಪ್ಪಣ್ಣನ ಹೋಟೆಲಿನ ಮಾಳಿಗೆಯಲ್ಲಿ. ನಾನು ಅವನ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊಟ್ಟೆ. ಒಂದು ಸಲ ಕೇಳಿದರೆ ಸಾಕು, ನಮ್ಮ ಬಂಟ್ವಾಳದವರು ಹೇಳಿದ ಹಾಗೆಯೇ ಹೇಳುತ್ತಾನೆ. ಅವನಿಗೂ ನಿನ್ನದೇ ಹುಚ್ಚು. ಅರ್ಥ ತಿಳಿಯದೆ ಒಂದು ಮಾತನ್ನೂ ಮೈಕಿನ ಮುಂದೆ ಹೇಳಿದವನಲ್ಲವಂತೆ. ಅರ್ಥ ಕೇಳಿದ, ಹೇಳಿದೆ.

ಮನೆಯಲ್ಲಿ ಗಂಡ ಕ್ಲೆಮೆಂಟಿಗೆ ಮಂಡಿನೋವು, ಮಗಳು ಮೆಲಿಶಾಳಿಗೆ ಪರೀಕ್ಷೆ. ಇನ್ನೆಲ್ಲ ಸೌಖ್ಯ.

ಲಿಜ್ಜಿ


ಶುವೈಖ್
18 ನವೆಂಬರ್ 2024

ಪಾವನಾ,

ಕಾರ್ಯಕ್ರಮ ಮುಗಿಯಿತು. ಹಾಲ್ ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದರು. ಮ್ವಾಚಿರೊ ಬಾಗಿಲಲ್ಲಿ ಕಾಣಿಸಿಕೊಂಡು ಒಂದು ಮಾತು ಹೇಳಿದ್ದೇ ತಡ, ನಗು ನಿಲ್ಲಲೇ ಇಲ್ಲ. ಮುಂದಿನ ಮಾತಿಗೆ ಅವನು ಕಾದು ನಿಲ್ಲಬೇಕಾಯಿತು. ಎಷ್ಟು ಚೆನ್ನಾಗಿ ಕಾದ ಗೊತ್ತುಂಟಾ, ಪಳಗಿದ ನಟನ ಹಾಗೆ. ಶಾಲು ಹೊದಿಸಿ ಸನ್ಮಾನ ಮಾಡಿದೆವು. ಆ ದೃಶ್ಯದ ವಿಡಿಯೋವನ್ನು ಊರಿನ ಅಮ್ಮನಿಗೆ ಕಳಿಸಿದ್ದಾನಂತೆ.

ಮೆಲಿಶಾ ಮಾತ್ರ ಕಾರಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಈ ವಯಸ್ಸಿನ ಮಕ್ಕಳ ಮನಸ್ಸಿನಲ್ಲಿ ಏನಿರುತ್ತದೋ. ಗಂಟಲು ಜೋಪಾನ.

ಲಿಜ್ಜಿ


ಮಂಗಳೂರು
25 ನವೆಂಬರ್ 2024

ಲಿಜ್ಜಿ,

ಇದೆಂತ ಕಾಗದ? ಎರಡು ತಿಂಗಳು ಕುರ್ಚಿ, ರಿಹರ್ಸಲ್, ಕಮಿಟಿ ಎಂದು ಪುಟಗಟ್ಟಲೆ ಕೊರೆದವಳು ಕಾರ್ಯಕ್ರಮ ಮುಗಿದ ಮೇಲೆ ನಾಲ್ಕು ಸಾಲು? ನಿನ್ನನ್ನು ನಾನು ಇಂದು ನಿನ್ನೆ ನೋಡಿದವಳಲ್ಲ. ನೀನು ಚುಟುಕಾಗುವುದು ಎರಡೇ ಸಂದರ್ಭಗಳಲ್ಲಿ, ಹಲ್ಲುನೋವಿದ್ದಾಗ ಮತ್ತು ಮನಸ್ಸಿನಲ್ಲಿ ಯಾರಾದರೂ ಕೂತಾಗ. ಕ್ಲೆಮೆಂಟಿನಂಥ ಕ್ಲೆಮೆಂಟಿಗೂ ಮಂಡಿನೋವು ಬಂದ ಹೊತ್ತಿನಲ್ಲಿ ಇವಳಿಗೆ ಮೊಂಬಾಸಾದ ಗಿಟಾರ್ ಕೇಳಿಸತೊಡಗಿತಾ? ತಮಾಷೆಗೆ ಹೇಳಿದೆ. ಮುನಿಸಿಕೊಳ್ಳಬೇಡ.

ಆ ಮರಣವಾರ್ತೆಯ ಸಂಗತಿ ನನ್ನ ತಲೆಯಿಂದ ಹೋಗಿಲ್ಲ. ಹೆಸರು ಸರಿಯಾಗಿ ಹೇಳಲು ಸತ್ತವರ ಮನೆಗೆ ಫೋನ್ ಮಾಡಿ ಕೇಳುವವರು ನಮ್ಮಲ್ಲಿ ಯಾರಿದ್ದಾರೆ? ನಾನೂ ಮಾಡಿಲ್ಲ. ಮತ್ತೆ ಕೆಲಸಕ್ಕೆ ಸೇರಿದರೆ ಅವರ ಬಗ್ಗೆ ಒಂದು ಕಾರ್ಯಕ್ರಮ ಮಾಡುತ್ತೇನೆ, ಸ್ಟೇಷನ್ನಿನಲ್ಲಿ ಹೇಳಿಯೂ ಆಗಿದೆ. ಹಾಲಿನವರೆಲ್ಲ ನಕ್ಕ ಆ ಮಾತು ಯಾವುದು? ವಿಡಿಯೋ ಇದ್ದರೆ ಕಳಿಸು.

ಪಾವನಾ


ಶುವೈಖ್
27 ಡಿಸೆಂಬರ್ 2024

ಪಾವನಾ,

ಕ್ರಿಸ್ಮಸ್ ಕಳೆಯಿತು. ಹಬ್ಬದ ಕುಸ್ವಾರ್ ತಿಂಡಿ ಮಾಡಲು ಈ ಸಲ ಮೆಲಿಶಾ ಕೈ ಹಾಕಲಿಲ್ಲ, ಕಿಡಿಯೊ, ನೆವ್ರಿ ಎಲ್ಲ ನಾನೇ ಕರಿದೆ. ತೆಂಗಿನಕಾಯಿಯ ಬೆಲೆ ಕೇಳಿದರೆ ನೀನು ಮಾತಿಲ್ಲದಿದ್ದರೂ ಕಿರುಚುತ್ತೀ. ಚಳಿ ಬಿದ್ದಿದೆ, ಜನ ಟೆಂಟ್ ಹಾಕಲು ಮರುಭೂಮಿಗೆ ಹೋಗುತ್ತಿದ್ದಾರೆ.

ವಿಡಿಯೋ ನನ್ನ ಹಳೆಯ ಫೋನಿನಲ್ಲಿತ್ತು, ಆ ಫೋನು ಕೆಟ್ಟಿದೆ. ಸಿಕ್ಕಿದರೆ ಕಳಿಸುತ್ತೇನೆ. ನಗೆನಾಟಕದ ಮಾತು, ಬಿಡಿಸಿ ಹೇಳಿದರೆ ಅದರಲ್ಲಿ ಏನೂ ಇಲ್ಲ.

ಮ್ವಾಚಿರೊ ಈಗ ನನ್ನನ್ನು ‘ಮ್ವಾಲಿಮು’ ಎಂದು ಕರೆಯುತ್ತಾನೆ. ಅವರ ಭಾಷೆಯಲ್ಲಿ ಟೀಚರ್ ಎಂದು. ಬೇಡ ಎಂದರೂ ಕೇಳುವುದಿಲ್ಲ. ಏನೋ ಹೊಸ ಹಾಡು ಕಟ್ಟುತ್ತಿದ್ದಾನಂತೆ. ಮಧ್ಯಾಹ್ನದ ಊಟದ ಹೊತ್ತಿಗೆ ಗೋಡೌನಿನಿಂದ ಗಿಟಾರ್ ಕೇಳಿಸುತ್ತದೆ. ನಾನು ಈಗೀಗ ಆ ಕಡೆಯ ಕಿಟಕಿ ಮುಚ್ಚಿಕೊಂಡು ಊಟ ಮಾಡುತ್ತೇನೆ, ಧೂಳು ಜಾಸ್ತಿ.

ಹೊಸ ವರ್ಷದ ಶುಭಾಶಯ.

ಲಿಜ್ಜಿ


ಮಂಗಳೂರು
4 ಜನವರಿ 2025

ಲಿಜ್ಜಿ,

ವಿಡಿಯೋ ಹುಡುಕಬೇಡ, ನೋಡಿದ್ದೇನೆ. ಮಂಗಳೂರಿನ ಗ್ರೂಪುಗಳಲ್ಲೆಲ್ಲ ಓಡಾಡುತ್ತಿದೆ. ‘ಕುವೈತಿನಲ್ಲಿ ಕನ್ನಡ ಕಲಿತ ಆಫ್ರಿಕನ್ ಅಳಿಯ’ ಎಂದು ಹೆಸರು ಕೊಟ್ಟಿದ್ದಾರೆ. ಕೆಳಗೆಲ್ಲ ನಗುವ ಮುಖಗಳು.

ಅವರು ಬಾಗಿಲಲ್ಲಿ ನಿಲ್ಲುತ್ತಾರೆ. ಅತ್ತೆಯ ಪಾತ್ರದವಳು ‘ಅಯ್ಯೋ, ಇವನೆಂತ ಹೀಗೆ!’ ಎನ್ನುತ್ತಾಳೆ. ಅವರು ಎದೆಯ ಮೇಲೆ ಕೈ ಇಟ್ಟು ಹೇಳುತ್ತಾರೆ: ‘ಅಮ್ಮ ನನ್ನನ್ನು ಒಲೆ ಮೇಲೆ ಇಟ್ಟು ಮರ್ತು ಬಿಟ್ಟದ್ದು, ಹಾಗೆ ಕರಟಿ ಹೋದದ್ದು.’

ಮಾತು ಎಷ್ಟು ಸ್ಪಷ್ಟ! ‘ಅಮ್ಮ’ ಎನ್ನುವಾಗ ದನಿ ಸ್ವಲ್ಪ ತಗ್ಗುತ್ತದೆ, ‘ಹೋದದ್ದು’ ಎನ್ನುವಾಗ ತಡೆಯುತ್ತದೆ. ಇಷ್ಟು ವರ್ಷ ದನಿಯಲ್ಲೇ ಬದುಕಿದವಳು ನಾನು. ಇದು ಚೇಷ್ಟೆಯ ಮಾತು ಎಂದು ತಿಳಿದು ಹೇಳುವ ದನಿಯಲ್ಲ. ತಾಯಿಯನ್ನು ನೆನೆದು ಹೇಳಿದ ದನಿ. ನಗು ಎದ್ದಾಗ ಆ ಮನುಷ್ಯನ ಮುಖದಲ್ಲಿ ಎಂಥ ಸಂತೋಷ!

ಅರ್ಥ ಕೇಳಿದ, ಹೇಳಿದೆ ಎಂದು ಬರೆದಿದ್ದೀ. ಏನು ಹೇಳಿದೆ, ಲಿಜ್ಜಿ?

ಪಾವನಾ


ಶುವೈಖ್
16 ಫೆಬ್ರವರಿ 2025

ಪಾವನಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಕೂತು ಎದ್ದದ್ದು ಲೆಕ್ಕವಿಲ್ಲ. ಆಡಿಟ್ ಇತ್ತು, ಜ್ವರ ಇತ್ತು ಎಂದೆಲ್ಲ ಬರೆದು ಅಳಿಸಿದೆ. ನನಗೆ ನಾಚಿಕೆಯಾಗಿದೆ, ಅಷ್ಟೆ.

ಆ ದಿನ ಮಾಳಿಗೆಯಲ್ಲಿ ಅವನು ಚೀಟಿ ಹಿಡಿದು ಬಂದು, ಬೇರೆಲ್ಲ ಅರ್ಥವಾಯಿತು, ಈ ಸಾಲಿನ ಅರ್ಥ ಹೇಳಿ ಎಂದ. ಹಿಂದೆ ಮೋನಪ್ಪಣ್ಣ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ನಿಜ ಹೇಳಿದರೆ ಅವನು ಚೀಟಿ ಕೈಗೆ ಕೊಟ್ಟು ಹೊರಟುಹೋಗುತ್ತಿದ್ದ. ನಾಟಕ ನಿಲ್ಲುತ್ತಿತ್ತು, ಹೇಳಿಬಿಟ್ಟವಳು ಎಂದು ನನ್ನ ಹೆಸರು ಬರುತ್ತಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ. ‘ಅಮ್ಮ ನನಗಾಗಿ ಒಲೆ ಆರಿಸದೆ ಕಾದು ಕೂತಿದ್ದಾಳೆ, ನಾನೇ ದೂರ ಬಂದುಬಿಟ್ಟೆ’ ಎಂದು.

ಅವನ ಅಮ್ಮ ಊರಿನಲ್ಲಿ ರಸ್ತೆಬದಿ ಒಲೆ ಹೂಡಿ ತಿಂಡಿ ಕರಿದು ಮಾರುವವಳಂತೆ. ಮರಣವಾರ್ತೆ ಓದಿ ಮುಗಿಸಿ ಇವನು ಮನೆಗೆ ಬರುವ ತನಕ ಒಲೆ ಆರಿಸುತ್ತಿರಲಿಲ್ಲವಂತೆ. ‘ನಿಮ್ಮ ನಾಟಕ ಬರೆದವರಿಗೆ ನನ್ನ ಅಮ್ಮ ಹೇಗೆ ಗೊತ್ತು?’ ಎಂದು ಕೇಳಿದ. ಆಗಲಾದರೂ ನಾನು ಹೇಳಬಹುದಿತ್ತು. ಆಮೇಲೆ ಆ ಸಾಲನ್ನು ಅವನು ಹೇಗೆ ಹೇಳಿದ ಎಂದು ನೀನೇ ಕೇಳಿದ್ದೀ. ಮೆಲಿಶಾ ಕಾರಿನಲ್ಲಿ ‘ಮಮ್ಮಾ, ಡಸ್ ಹೀ ನೋ?’ ಎಂದು ಒಂದೇ ಮಾತು ಕೇಳಿದಳು. ನಾನು ರೇಡಿಯೋ ಜೋರು ಮಾಡಿದೆ.

ಈಗ ಕೇಳು. ಅವನ ಊರಿನ ಕರಾವಳಿಯಲ್ಲಿ ಹೊಸ ರೇಡಿಯೋ ಶುರುವಾಗುತ್ತಿದೆ. ಬೆಳಗಿನ ಕಾರ್ಯಕ್ರಮಕ್ಕೆ ಇವನನ್ನೇ ಕರೆದಿದ್ದಾರೆ, ಏಪ್ರಿಲ್ ನಡುವಿಗೆ ಹೊರಡುತ್ತಾನೆ. ಕಾರ್ಯಕ್ರಮದ ಶೀರ್ಷಿಕೆ ಹಾಡನ್ನು ಇವನೇ ಕಟ್ಟಿದ್ದಾನೆ. ಅದರ ಪಲ್ಲವಿ ಯಾವುದೆಂದು ನಾನು ಹೇಳಬೇಕಾಗಿಲ್ಲ. ಕನ್ನಡದಲ್ಲಿಯೇ ಹಾಡುತ್ತಾನೆ, ‘ಕುವೈತಿನ ನನ್ನ ಮ್ವಾಲಿಮು ಕಲಿಸಿದ ಮಾತು’ ಎಂದು ಹೇಳಿ ಶುರುಮಾಡುತ್ತಾನಂತೆ. ಪ್ರತಿದಿನ ಬೆಳಿಗ್ಗೆ, ಪಾವನಾ. ಅವನ ದನಿಯಲ್ಲಿ, ಅವನ ಊರಿನಲ್ಲಿ.

ನಾನು ಏನು ಮಾಡಲಿ?

ಲಿಜ್ಜಿ


ಮಂಗಳೂರು
18 ಫೆಬ್ರವರಿ 2025

ಲಿಜ್ಜಿ,

ಹೇಳು. ಬೇರೆ ದಾರಿ ಇಲ್ಲ.

ನನ್ನದೂ ಒಂದಿದೆ. ವಿಡಿಯೋ ಗ್ರೂಪುಗಳಲ್ಲಿ ಓಡಾಡುತ್ತಿದೆ ಎಂದು ಬರೆದೆನಲ್ಲ, ಅದನ್ನು ಓಡಾಡಿಸಿದವರಲ್ಲಿ ನಾನೂ ಇದ್ದೇನೆ. ಅನ್ವಿತಾ ಕಳಿಸಿದ ಕೂಡಲೇ, ಪೂರ್ತಿ ನೋಡುವ ಮೊದಲೇ, ನಮ್ಮ ಲಿಜ್ಜಿಯ ಶಿಷ್ಯ ಎಂದು ಜಂಭದಿಂದ ರೇಡಿಯೋದವರ ಗ್ರೂಪಿಗೆ ಹಾಕಿದೆ. ಆಮೇಲೆ ನೋಡಿದೆ, ಅಳಿಸಿದೆ. ಅಷ್ಟರಲ್ಲಿ ಅದು ಎಲ್ಲೆಲ್ಲಿಗೋ ಹೋಗಿತ್ತು. ‘ಲೈಟ್ ಹಾಕಿ’ ಎಂಬ ಹೆಸರು ಕೇಳಿ ಮೊದಲು ನಕ್ಕವಳೂ ನಾನೇ. ಹಾಗಾಗಿ ನಿನ್ನನ್ನು ಬೈಯಲು ನನಗೆ ಮುಖವಿಲ್ಲ.

ಆದರೂ ಹೇಳುತ್ತೇನೆ. ಅವರು ಆ ಹಾಡನ್ನು ಗಾಳಿಗೆ ಬಿಡುವ ಮೊದಲು ಹೇಳು. ಆಮೇಲೆ ಯಾವಳೋ ಒಬ್ಬಳು ಮೆಲಿಶಾ, ಕನ್ನಡ ಬಲ್ಲ ಯಾರೋ ಒಬ್ಬ, ಮೊಂಬಾಸಾದ ಬೀದಿಯಲ್ಲಿ ಅವರನ್ನು ನಿಲ್ಲಿಸಿ ಹೇಳುವ ಹಾಗಾಗಬಾರದು.

ಪಾವನಾ


ಶುವೈಖ್
14 ಮಾರ್ಚ್ 2025

ಪಾವನಾ,

ರಂಜಾನ್ ತಿಂಗಳು, ಆಫೀಸು ಬೇಗ ಬಿಡುತ್ತದೆ. ಹೇಳಬೇಕೆಂದು ಮೂರು ನಾಲ್ಕು ಸಲ ಗೋಡೌನಿಗೆ ಹೋದೆ. ಒಂದು ದಿನ ಅವನ ಧಣಿ ಇದ್ದರು. ಒಂದು ದಿನ ಅವನು ಹೊಸ ಹಾಡು ಕೇಳಿಸಿದ, ಕೇಳಿ ಬಂದೆ. ಚೆನ್ನಾಗಿದೆ ಎಂದೂ ಹೇಳಿ ಬಂದೆ.

ನಮ್ಮದು ಉಪವಾಸದ ಕಾಲ ಶುರುವಾಗಿದೆಯಲ್ಲ, ಮೊನ್ನೆ ಇಗರ್ಜಿಯಲ್ಲಿ ಕುಮ್ಸಾರಿಗೆ ಹೋಗಿ ಪಾದ್ರಿಯ ಮುಂದೆ ಮೊಣಕಾಲೂರಿ ಎಲ್ಲ ಹೇಳಿದೆ. ಅವರು ಪ್ರಾರ್ಥನೆ ಹೇಳಲು ಹೇಳಿದರು, ಹೇಳಿದೆ. ಮನಸ್ಸು ಹಗುರವಾಯಿತು. ದೇವರು ಕ್ಷಮಿಸಿದ್ದಾನೆ ಎಂದುಕೊಂಡಿದ್ದೇನೆ. ಇನ್ನು ಅವನಿಗೆ ಹೇಳಿ ನೋಯಿಸಿ ಸಿಗುವುದೇನು? ಅಲ್ಲಿ ಕನ್ನಡ ಯಾರಿಗೆ ಬರುತ್ತದೆ?

ಲಿಜ್ಜಿ


ಮಂಗಳೂರು
15 ಮಾರ್ಚ್ 2025

ಲಿಜ್ಜಿ,

ಪಾದ್ರಿಗೆ ಹೇಳಿದ್ದು ಒಳ್ಳೆಯದಾಯಿತು. ಆದರೆ ನೀನು ಗೇಲಿ ಮಾಡಿದ್ದು ಪಾದ್ರಿಯನ್ನಲ್ಲ.

ಈ ವಾರ ಮೈಕಿನ ಮುಂದೆ ಕೂತೆ. ದನಿ ಸ್ವಲ್ಪ ಒಡೆದಿದೆ, ಆದರೂ ಇರಿ ಎಂದರು. ಆ ಕಾರ್ಯಕ್ರಮ ಯಾವಾಗ, ಕೀನ್ಯಾದ ಆ ಕಲಾವಿದ, ಎಂದು ಕೇಳಿದರು. ಮಾಡುವುದಿಲ್ಲ ಎಂದೆ. ಯಾಕೆಂದು ಕೇಳಿದರು, ಗಂಟಲು ಸರಿಯಿಲ್ಲ ಎಂದೆ. ನಿನ್ನ ಸುಳ್ಳು ನನಗೂ ಅಂಟಿತು ನೋಡು.

ಪಾವನಾ


ಶುವೈಖ್
12 ಏಪ್ರಿಲ್ 2025

ಪಾವನಾ,

ಹೇಳಿದೆ. ಈದ್ ಕಳೆದ ಮೇಲೆ, ಗೋಡೌನಿನಲ್ಲಿ ಅವರು ಒಬ್ಬರೇ ಇದ್ದಾಗ.

ಮ್ವಾಚಿರೊ ಅವರು ಕೇಬಲನ್ನು ಮೊಣಕೈಗೂ ಅಂಗೈಗೂ ಸುತ್ತುತ್ತಾ ನಿಂತಿದ್ದರು. ಕೂತು ಕೇಳಿ ಎಂದೆ, ಕೂರಲಿಲ್ಲ. ಆ ಸಾಲಿನ ಅರ್ಥ ನಾನು ಹೇಳಿದ್ದಲ್ಲ ಎಂದೆ. ಒಂದೊಂದೇ ಮಾತು ಬಿಡಿಸಿ ಹೇಳಿ ಎಂದರು. ‘ಅಮ್ಮ’ ಗೊತ್ತು ಎಂದರು. ‘ಒಲೆ’ ಎಂದೆ, ಅದೂ ಗೊತ್ತು ಎಂದರು. ‘ಮರ್ತು ಬಿಟ್ಟದ್ದು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಹೇಳಿದೆ. ‘ಕರಟಿ’ ಎಂಬುದಕ್ಕೆ ಸನ್ನೆ ಮಾಡಬೇಕಾಯಿತು. ನನ್ನ ಕೈ ಅವರ ಕೆನ್ನೆಯ ಕಡೆ ಹೋಯಿತು, ತಡೆದು ಕೆಳಗಿಳಿಸಿದೆ. ಅವರಿಗೆ ಅರ್ಥವಾಯಿತು.

ಕೇಬಲ್ ಸುತ್ತುವುದನ್ನು ನಿಲ್ಲಿಸಲಿಲ್ಲ. ಜನ ನಕ್ಕದ್ದು ಆ ಮಾತಿಗೇನಾ ಎಂದು ಕೇಳಿದರು. ಹೌದು ಎಂದೆ. ಆ ನಗುವನ್ನು ಎಷ್ಟೋ ಸಲ ಹಾಕಿಕೊಂಡು ಕೇಳಿದ್ದಾರಂತೆ. ಅವರ ಕಡೆ ಮದುವೆಯಲ್ಲಿ ತಾಯಿಯನ್ನು ಹೊಗಳಿದರೆ ಜನ ಸಂತೋಷಕ್ಕೆ ಹಾಗೆ ನಗುತ್ತಾರಂತೆ, ಇದೂ ಅದೇ ಎಂದುಕೊಂಡಿದ್ದರಂತೆ. ಸುತ್ತಿ ಮುಗಿಸಿ, ಸುರುಳಿಯನ್ನು ಕೆಳಗಿಟ್ಟು ಒಂದು ಮಾತು ಹೇಳಿದರು.

“ನಾನು ನಿಮ್ಮನ್ನು ಕೇಳಿದ್ದೆ. ಕೇಳದೆ ಹೇಳಿದವನಲ್ಲ.”

ಹೇಳಿದ್ದಕ್ಕೆ ಥ್ಯಾಂಕ್ಸ್, ಮೇಡಂ, ಎಂದರು. ಮ್ವಾಲಿಮು ಎನ್ನಲಿಲ್ಲ.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಹೊರಡುವ ಎರಡು ದಿನ ಮೊದಲು ಫೋನ್ ಮಾಡಿ ಮನೆಗೆ ಬರಬಹುದೇ ಎಂದು ಕೇಳಿದರು. ಬಂದು ಸೋಫಾದ ತುದಿಯಲ್ಲಿ ಕೂತರು. ಹಾಡಿನಿಂದ ಆ ಸಾಲು ತೆಗೆದಿದ್ದಾರಂತೆ, ಆ ಜಾಗದಲ್ಲಿ ಗಿಟಾರ್ ಮಾತ್ರ ಇದೆಯಂತೆ. ಆದರೆ ಒಂದನ್ನು ತೆಗೆಯಲು ತನ್ನ ಕೈಯಲ್ಲಿ ಆಗುವುದಿಲ್ಲ ಎಂದರು. ಅವರ ಅಮ್ಮ ವಿಡಿಯೋ ನೋಡಿ ನೋಡಿ ಆ ಮಾತನ್ನು ಬಾಯಿಪಾಠ ಮಾಡಿದ್ದಾರೆ. ಒಲೆಯ ಮುಂದೆ ತಿಂಡಿಗೆ ಬಂದವರಿಗೆಲ್ಲ, ದೂರದೇಶದಲ್ಲಿ ನನ್ನ ಮಗ ಸ್ಟೇಜಿನ ಮೇಲೆ ನಿಂತು ನನ್ನ ಬಗ್ಗೆ ಹೇಳಿದ ಮಾತು, ಇಡೀ ಸಭೆ ಸಂತೋಷಪಟ್ಟಿತು, ಎಂದು ಹೇಳುತ್ತಾರೆ. ಮಗನಿಗೆ ಕಲಿಸಿದವರಿಗೆ ತಾನೇ ಥ್ಯಾಂಕ್ಸ್ ಹೇಳಬೇಕೆಂದು ಹಟ ಹಿಡಿದಿದ್ದಾರೆ.

“ಅಮ್ಮನಿಗೆ ತಿಳಿಯಬಾರದು. ನನಗೆ ಹೇಳಿದ ಅರ್ಥವನ್ನೇ ಅವರಿಗೂ ಹೇಳಿ. ನಗುತ್ತಾ ಹೇಳಿ.”

ವಿಡಿಯೋ ಕಾಲ್ ಹಾಕಿದರು. ಸಣ್ಣ ಮುಖ, ತಲೆಗೆ ಬಟ್ಟೆ, ಹಿಂದೆ ಒಲೆಯಲ್ಲಿ ಬೆಂಕಿ. ಮೆಲಿಶಾ ನನ್ನ ಪಕ್ಕದಲ್ಲೇ ಇದ್ದಳು. ಆ ತಾಯಿ ನನಗೆ ಮ್ವಾಲಿಮು ಎಂದು ಕೈ ಮುಗಿದರು. ಅವರು ಹೇಳುವುದನ್ನು ಮಗ ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ದನಿ ಎಲ್ಲೂ ಅಲುಗಲಿಲ್ಲ. ಅಲುಗದ ದನಿ ಎಂದೇ ಅಲ್ಲವೇ ಅವರಿಗೆ ಮೊದಲು ಮರಣವಾರ್ತೆ ಓದಲು ಕೊಟ್ಟದ್ದು. ಅರ್ಥ ನಿಮ್ಮ ಬಾಯಿಂದಲೇ ಕೇಳಬೇಕು ಎಂದರು ತಾಯಿ. ನಾನು ನಗುತ್ತಾ ಹೇಳಿದೆ. ನನ್ನ ಸುಳ್ಳನ್ನು ಮಗನೇ ತಾಯಿಯ ಭಾಷೆಗೆ ತಿರುಗಿಸಿ ಹೇಳಿದರು. ಆಕೆ ತಲೆಬಟ್ಟೆಯ ಅಂಚಿನಲ್ಲಿ ಕಣ್ಣೊರೆಸಿಕೊಂಡರು.

ಆಮೇಲೆ ಸರಿಯಾಗಿ ಕೂತು, ಎದೆಯ ಮೇಲೆ ಕೈ ಇಟ್ಟು, ಮಗನ ಹಾಗೆಯೇ, ಕನ್ನಡದಲ್ಲಿ ಹೇಳಿದರು. ಅಮ್ಮ ನನ್ನನ್ನು ಒಲೆ ಮೇಲೆ ಇಟ್ಟು ಮರ್ತು ಬಿಟ್ಟದ್ದು, ಹಾಗೆ ಕರಟಿ ಹೋದದ್ದು.

ಮೆಲಿಶಾ ಎದ್ದು ಒಳಗೆ ಹೋದಳು. ತಾಯಿ ಏನೋ ಕೇಳಿದರು, ಮಗ ನನ್ನ ಮುಖ ನೋಡದೆ ತಿರುಗಿಸಿದರು. ತಾನು ಹೇಳಿದ್ದು ಸರಿ ಇದೆಯಾ, ಎಲ್ಲಾದರೂ ತಪ್ಪಿದೆಯಾ ಎಂದು ಕೇಳುತ್ತಿದ್ದಾರಂತೆ.

ಒಂದಕ್ಷರವೂ ತಪ್ಪಿರಲಿಲ್ಲ, ಪಾವನಾ. ನಾನು ಕಲಿಸಿದ ಹಾಗೆಯೇ ಹೇಳಿದರು. ಬಹಳ ಚೆನ್ನಾಗಿ ಹೇಳಿದಿರಿ, ಅಮ್ಮ, ಎಂದೆ.

ಲಿಜ್ಜಿ